ಬೆನ್ನಿಗೆ ಸಿಮೆಂಟು, ಸಿಮೆಂಟಿಗೆ ನೀರು

ಮುರಿಯೂದು ನನ್ನ ಬೆನ್ನು, ನಗೂದು ಕುಷ್ಟಗಿ ಮಂದಿ, ಎರಡೂ ನಿಂದ್ರವಲ್ಲವು. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿ ಮಂದಿಗೆ ಮನಿ ಕಟ್ಟಿ ಕೊಟ್ಟಂವ ನಾನು. ಮೊದಲ ಎಲುಬು ಮುರಿದಂದಿನಿಂದ ನನಗಿರೂದು ಒಂದ ಆಸೆ: ಹೆಂಡತಿ ಹಾಸಿಗಿಗೆ ತಂದು ಹಿಡಿಯೋ ಪಾತ್ರಿ ತಪ್ಪಿ, ನನ್ನ ಕಾಲ ಮ್ಯಾಲ ಹಿತ್ತಲ ಪಾಯಿಖಾನಿಗೆ ಹೋಗಬೇಕು.

ಸೀನು

ಹರೇದಾಗ, ಯಲಬುರ್ಗಾ ಕಡೆ ಮಂಗಳೂರಿನ್ಯಾಗ, ಬಾಗಲದ ಮ್ಯಾಲಿನ ಕಲ್ಲು ಎತ್ತಲಾರದ ಎಂಟು ಮಂದಿ ಕುಂತಿದ್ರು. ನಾ ಒಬ್ಬನ ಎತ್ತಿ ಇಟ್ಟೆ. ಸೊಟ್ಟ ಕಾಣ್ತು ಅಂತ ಇಳಿಸಿ ಮತ್ತೊಮ್ಮೆ ಇಟ್ಟೆ. ಅಂಥಾ ಬೆನ್ನು ಹೋದ ಚಳಿಗಾಲದಾಗ ಒಂದು ಸೀನಿಗೆ ಮುರೀತು.

ಕೊಪ್ಪಳದ ಡಾಕ್ಟರು, "ಅಜ್ಜಾರ, ಏನ್ ಎತ್ತಿದ್ರಿ?" ಅಂದ್ರು.

"ಜ್ವಾಳದ ಚೀಲ ರೀ. ಎರಡು."

ಬಾಜೂಕ ನಿಂತ ಹೆಂಡತಿ, "ಸೀನ್ಯಾರ್ರಿ ಸಾಹೇಬ್ರ. ಅದೂ ದೊಡ್ಡ ಸೀನಲ್ಲ," ಅಂದ್ಲು.

ಉಸುಕು

"ಸೂಜಿಲೆ ಎಲುಬಿನ್ಯಾಗ ಸಿಮೆಂಟು ತುಂಬತೀವಿ," ಅಂದ್ರು ಡಾಕ್ಟರು. ನನಗ ಜೀವ ಬಂತು. ಅಂತೂ ನನಗ ತಿಳಿಯೋ ಮಾತು.

"ಒಂದು ಪಾಲು ಸಿಮೆಂಟಿಗೆ ಎಷ್ಟು ಉಸುಕು ಹಾಕ್ತೀರಿ?"

"ಉಸುಕು ಇಲ್ಲ ಅಜ್ಜಾರ."

"ಮತ್ತ ಬಿರುಕು ಬಿಡತೈತಿ."

"ಅದು ಬಿಡೂದಿಲ್ಲ. ಅದರ ಮ್ಯಾಲಿನ, ಕೆಳಗಿನ ಎಲುಬು ಬಿಡಬಹುದು. ನಿಮ್ಮ ಎಲುಬು ಸವದು ಟೊಳ್ಳಾಗ್ಯಾವ. ಮೊಣಕಾಲ ನೋವಿಗೆ ಏನ್ ತಗೋತಿದ್ರಿ?"

ಸಂತಿಯೊಳಗ ಒಬ್ಬಾತ ಕೊಡೋ ಬಿಳಿ ಗುಳಿಗಿ ಆರು ವರ್ಷ ನುಂಗೀನಿ, ನುಂಗಿ ನಡಕೊಂತ ಬಸ್ಸಿಗಿಂತ ಮೊದಲ ಗಂಗಾವತಿ ಮುಟ್ಟೀನಿ ಅಂದೆ.

"ನಿಮ್ಮ ಎಲುಬು ತಿಂದದ್ದ ಆ ಗುಳಿಗಿ. ಇನ್ನ ನಾವು ಕೊಟ್ಟದ್ದ ತಗೋರಿ. ತಂಬಾಕು ಬಿಡ್ರಿ, ಬಗ್ಗಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ, ನಡಕ್ಕ ಪಟ್ಟಿ ಕಟ್ಟಕೋರಿ. ಬೀಳಂತೂ ಬೀಳಬ್ಯಾಡ್ರಿ."

"ಬಡಾಯಿಗೆ ಗುಳಿಗಿ ಇಲ್ಲೇನ್ರಿ ಸಾಹೇಬ್ರ?" ಅಂದ್ಲು ಹೆಂಡತಿ.

ಇಪ್ಪತ್ತೊಂದು ದಿನ

ಸಿಮೆಂಟು ತುಂಬಿದ ಮರುದಿನಾನ ನೋವು ಇಳೀತು. ನನ್ನ ಕಾಲ ಮ್ಯಾಲ ಪಾಯಿಖಾನಿಗೆ ಹೋಗಿಬಂದೆ. ಹೆಂಡತಿ ಪಾತ್ರಿ ತಿಕ್ಕಿ ಅಟ್ಟದ ಮ್ಯಾಲ ಡಬ್ಬ ಹಾಕಿದ್ಲು.

ಆದ್ರ ನನಗೊಂದು ಚಿಂತಿ. ಹೊಸಾ ಸಿಮೆಂಟಿಗೆ ಇಪ್ಪತ್ತೊಂದು ದಿನ ನೀರು ಹೊಡೀಲಿಲ್ಲಂದ್ರ ಗಟ್ಟಿ ಆಗೂದಿಲ್ಲ. ಯಾವ ಗೌಂಡೀನ್ನರ ಕೇಳ್ರಿ. ಡಾಕ್ಟರು ಪಾಪ, ಹೇಳೂದು ಮರೆತಾರ. ಒದ್ದಿ ಗೋಣಿಚೀಲ ಬೆನ್ನಿಗೆ ಹೊಚ್ಚಿಕೊಂಡು ಬೋರಲ ಮಲಗಿದೆ. ದಿನಕ್ಕ ಮೂರು ಸಲ ಚೆರಿಗಿಲೆ ನೀರು ಹೊಯ್ಯಿ ಅಂತ ಹೆಂಡತಿಗೆ ಅಂದೆ.

"ಪಟ್ಟಿ ಕಟ್ಟಕೋರಿ ಅಂದಾರ. ನೀರು ಹೊಯ್ಸಕೋರಿ ಅಂದಿಲ್ಲ."

"ನೀ ಗೌಂಡಿಯೇನ?"

ಪಟ್ಟಿ ತೊಯ್ಯತೈತಿ ಅಂತ ಬಿಚ್ಚಿ ಗೂಟಕ್ಕ ಹಾಕಿದೆ. ಇಪ್ಪತ್ತೊಂದನೇ ದಿನ ಕಡೀ ಚೆರಿಗಿ ಹೊಯ್ಸಕೊಂಡು ಎದ್ದು ನಿಂತೆ. ನಿಂತ ನೀರಿನ್ಯಾಗ ಕಾಲು ಜಾರಿ ಪರ್ಸಿ ಕಲ್ಲಿನ ಮ್ಯಾಲ ದಪ್ಪನ ಕುಂತೆ. ಆ ಪರ್ಸಿ ನಾನ ಹಾಸಿದ್ದು. ಅಷ್ಟು ನುಣ್ಣಂದು ಜಿಲ್ಲಾದಾಗ ಇನ್ನೊಂದಿಲ್ಲ.

ಡಾಕ್ಟರು ಎಲುಬಿನ ಫೋಟೋ ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದ್ರು.

"ಮ್ಯಾಲಿನ ಎಲುಬು ಕುಸದೈತಿ. ಕೆಳಗಿಂದೂ ಹೋಗೇತಿ. ಈ ಸಲ ಎದ್ದು ಅಡ್ಡಾಡೂದು ಕಷ್ಟ ಅಜ್ಜಾರ."

"ನಡುವಿನ ಸಿಮೆಂಟು?"

"ಅದಕ್ಕೇನೂ ಆಗಿಲ್ಲ. ಕಲ್ಲಿನಂಗ ಐತಿ."

ಮನಿಗೆ ತಂದು ಮಲಗಿಸಿದ್ರು. ಹೆಂಡತಿ ಅಟ್ಟದ ಮ್ಯಾಲಿಂದ ಪಾತ್ರಿ ಇಳಿಸಿ ಸೆರಗಿಲೆ ಧೂಳು ಒರಸಾಕತ್ಲು. ಆಕಿ ಮಾರಿ ನೋಡೂದು ನನ್ನ ಕಡಿಂದ ಆಗಲಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಅಂದೆ:

"ಏನರ ಅನ್ನು, ನೀರು ಮಾತ್ರ ಛಲೋ ಹೊಡದಿ."