ಕಿಟಕಿಯಲ್ಲಿ ಇಂಗ್ಲಿಷ್ ಪಾಠ

ಅನಾಹುತಕ್ಕೆಲ್ಲ ಮೂಲ ಒಂದು ತರಬೇತಿ. ಇಂಗ್ಲಿಷ್ ಮೇಷ್ಟ್ರು ಅಲ್ಲಿಗೆ ಹೋಗುವಾಗ ಎಲ್ಲರಂತೆಯೇ ಇದ್ದರು. ಬರುವಾಗ ಮೂರು ನಿಯಮ ಹೊತ್ತು ತಂದರು. ಹೇಳುವುದನ್ನು ಮಾಡಿ ತೋರಿಸಬೇಕು. ಮೇಷ್ಟ್ರು ಆಡಿದ ಇಂಗ್ಲಿಷನ್ನು ಇಡೀ ತರಗತಿ ಒಕ್ಕೊರಲಿನಿಂದ ತಿರುಗಿ ಹೇಳಬೇಕು. ಪಾಠದ ಹೊತ್ತಿನಲ್ಲಿ ಯಾರಾದರೂ ಮನೆಮಾತು ಆಡಿದರೆ ಅದು ಯಾರ ಕಿವಿಗೂ ಬೀಳಕೂಡದು.

ಮೂರನೆಯದು ಅವರ ತಲೆಗೇ ಏರಿತ್ತು. ಹಿಂದಿನ ದಿನವಷ್ಟೇ ಹೊಟ್ಟೆ ಹಿಡಿದುಕೊಂಡು, "ಅಯ್ಯೋ ಸತ್ತೆ, ಯಾರಾದ್ರೂ ನೀರು ತನ್ರೋ" ಎಂದು ಮನೆಮಾತಿನಲ್ಲಿ ನರಳಿ ಮಕ್ಕಳನ್ನು ಪರೀಕ್ಷಿಸಿದ್ದರು. ಕನಿಕರಪಟ್ಟು ಎದ್ದವರು ಪಾಠ ಮುಗಿಯುವತನಕ ಹೊರಗೆ ನಿಂತರು. ಕಲ್ಲಿನಂತೆ ಕೂತವರಿಗೆ 'ವೆರಿ ಗುಡ್' ಸಿಕ್ಕಿತು.

ಇಂದು ಇನ್ಸ್‌ಪೆಕ್ಟರ್ ಬರುವ ದಿನ. ಅವರು ಪಾಠ ನೋಡಿ ಮೆಚ್ಚಿದರೆ ಮೇಷ್ಟ್ರ ಕೆಲಸ ಖಾಯಂ. ತಾತ್ಕಾಲಿಕವಾಗಿ ಸೇರಿ, ಮದುವೆಯಾಗಿ, ಮಗಳು ಶಾಲೆಗೆ ಹೋಗುವಂತಾದರೂ ಮೇಷ್ಟ್ರು ಮಾತ್ರ ತಾತ್ಕಾಲಿಕವಾಗಿಯೇ ಉಳಿದಿದ್ದರು. ಬೆಳಿಗ್ಗೆ ಹೆಂಡತಿ, "ಇವತ್ತೂ ಹಾಗೇ ಬಂದ್ರೆ ನಮ್ಮಪ್ಪನ ಮುಂದೆ ನೀವೇ ಮಾತಾಡ್ಕೊಳ್ಳಿ" ಎಂದು ಹರಸಿ ಕಳಿಸಿದ್ದಳು.

ಇನ್ಸ್‌ಪೆಕ್ಟರ್ ಬರುವ ಮೊದಲು ಒಂದು ಸಲ ಅಭ್ಯಾಸವಾಗಲಿ ಎಂದು ಮೇಷ್ಟ್ರು ಕಿಟಕಿಯ ಬಳಿ ಹೋದರು. ಚೆಂಡು ಬಡಿದೂ ಬಡಿದೂ ಎರಡು ಸರಳುಗಳು ಅಲ್ಲಿ ಬಾಗಿದ್ದವು.

"ಐ ಆ್ಯಮ್ ಲುಕಿಂಗ್ ಔಟ್!" ಎನ್ನುತ್ತ ತಲೆ ತೂರಿಸಿದರು. ಅದು ಅಂಚೆಪೆಟ್ಟಿಗೆಗೆ ಕಾಗದ ಬಿದ್ದಂತೆ ಸಲೀಸಾಗಿ ಹೋಯಿತು. ಹೋಗುವಾಗ ಮಡಚಿಕೊಂಡ ಕಿವಿಗಳು ಬರುವಾಗ ಮಾತ್ರ ಛತ್ರಿಯಂತೆ ಬಿಚ್ಚಿಕೊಂಡವು.

ಮೇಷ್ಟ್ರು ಎರಡು ಸಲ ಜಗ್ಗಿ ನೋಡಿದರು. "ಲೋ, ತಲೆ ಸಿಕ್ಕಿಹಾಕ್ಕೊಂಡಿದೆ! ಯಾರನ್ನಾದ್ರೂ ಕರೀರೋ!"

ಹಿಂದೆ ಯಾರೂ ಏಳಲಿಲ್ಲ. ನಿನ್ನೆ ಹೊರಗೆ ನಿಂತವರಂತೂ ಸೂರು ನೋಡುತ್ತ ಕೂತಿದ್ದರು. ಮೇಷ್ಟ್ರು ದಿಗಿಲಿನಿಂದ ಇಂಗ್ಲಿಷಿಗೆ ಇಳಿದರು.

"ಹೆಲ್ಪ್ ಮಿ!"

"ಹೆಲ್ಪ್ ಮಿ!" ಎಂದಿತು ತರಗತಿ, ಸೂರು ಹಾರಿಹೋಗುವಂತೆ.

"ಪುಲ್ ಮಿ!"

"ಪುಲ್ ಮಿ!"

ಗದ್ದಲಕ್ಕೆ ಪಕ್ಕದ ಕೋಣೆಯ ಗಣಿತದ ಮೇಡಂ ಬಂದರು. "ಏನ್ರೀ ಇದು? ನಿಮ್ಮ ಮಕ್ಕಳು ಕೂಗಿ ಕೂಗಿ ನನ್ನ ಮಕ್ಕಳೂ ಭಿನ್ನರಾಶಿಗೆ ಹೆಲ್ಪ್ ಮಿ ಅಂತಿದಾವೆ."

"ಮೇಡಂ, ತಲೆ ಬರ್ತಿಲ್ಲ!"

"ಹೋಗಿದ್ದು ಬರಲೇಬೇಕು. ಅಷ್ಟೇ ಅಳತೆ, ಅಷ್ಟೇ ಜಾಗ" ಎಂದು ಲೆಕ್ಕ ಹೇಳಿ ಅವರು ಡ್ರಿಲ್ ಮೇಷ್ಟ್ರನ್ನು ಕರೆತಂದರು. ಬಂದವರು ಸೈಕಲ್ಲಿಗೆ ಹಾಕುವ ಎಣ್ಣೆಯನ್ನು ಕಿವಿಗಳಿಗೆ ಸುರಿದು, ಸೊಂಟ ಹಿಡಿದು, ಗೋಡೆಗೆ ಕಾಲು ಕೊಟ್ಟು ಎಳೆದರು. ಬಾಟಲಿಯ ಬಿರಡೆ ಕಿತ್ತ ಸದ್ದಿನೊಂದಿಗೆ ತಲೆ ಈಚೆ ಬಂತು. "ಬರ್ತೀನಿ, ನಮ್ಮ ಹುಡುಗರಿಗೆ ಪಂದ್ಯ ಇದೆ" ಎಂದು ಅವರು ತಂಡ ಕಟ್ಟಿಕೊಂಡು ಊರಾಚೆ ಹೊರಟೇಬಿಟ್ಟರು. ಗದ್ದಲಕ್ಕೆ ಸಾಕಾಗಿದ್ದ ಮೇಡಂ ಕೂಡ ತಮ್ಮ ಮಕ್ಕಳನ್ನು ಪಂದ್ಯ ನೋಡಲು ಅವರ ಹಿಂದೆಯೇ ಕರೆದೊಯ್ದರು.

ಮೇಷ್ಟ್ರು ಎಣ್ಣೆ ಒರೆಸಿಕೊಳ್ಳುವಷ್ಟರಲ್ಲಿ ಹೆಡ್‌ಮಿಸ್ ಜತೆ ಇನ್ಸ್‌ಪೆಕ್ಟರ್ ಒಳಗೆ ಬಂದರು.

"ಭೇಷ್ ಮೇಷ್ಟ್ರೇ! ಗೇಟಿನಿಂದಲೇ ಕೇಳ್ತು, ಕಿಟಕೀಲಿ ನಿಮ್ಮ ತಲೇನೂ ಕಾಣ್ತು. ಇಂಗ್ಲಿಷನ್ನ ಇಷ್ಟು ಸಂಕಟದಿಂದ ಹೇಳೋ ಮಕ್ಕಳನ್ನ ನಾನು ಎಲ್ಲೂ ನೋಡಿಲ್ಲ. ನಿಮ್ಮ ಮನೆಮಾತಿನ ನಿಯಮಾನೂ ಹೆಡ್‌ಮಿಸ್ ಹೇಳಿದ್ರು. ನಾನೂ ಪಾಲಿಸ್ತೀನಿ. ಅದೇ ಪಾಠ ಇನ್ನೊಂದ್ಸಲ ಆಗಲಿ."

ಮೇಷ್ಟ್ರು ಕಿಟಕಿಗೆ ಬೆನ್ನು ಹಾಕಿ ನಿಂತರು. ಪುಸ್ತಕ ಎತ್ತಿ, "ದಿಸ್ ಈಸ್ ಎ ಬುಕ್" ಎಂದರು. ಮಕ್ಕಳು ಅರೆನಿದ್ದೆಯಲ್ಲಿ ಗೊಣಗಿದರು. ಇನ್ಸ್‌ಪೆಕ್ಟರರ ಮುಖದ ಮೇಲಿನ ನಗು ತೇವದ ಗೋಡೆಯ ಸುಣ್ಣದಂತೆ ಉದುರತೊಡಗಿತು. ಹೆಡ್‌ಮಿಸ್ ಕಣ್ಣಲ್ಲೇ ಕಿಟಕಿ ತೋರಿಸಿದರು.

ಮೇಷ್ಟ್ರಿಗೆ ಮಾವನ ಮುಖ ನೆನಪಾಯಿತು. ಜಾರಲು ಕಿವಿಯಲ್ಲಿ ಇನ್ನೂ ಸ್ವಲ್ಪ ಎಣ್ಣೆ ಇದ್ದೀತು ಎಂದು ಧೈರ್ಯ ಮಾಡಿ ತಲೆ ತೂರಿಸಿದರು. ಎಣ್ಣೆ ಇರಲಿಲ್ಲ. ಊದಿಕೊಂಡ ಕಿವಿಗಳು ಮಾತ್ರ ಇದ್ದವು.

"ಹೆಲ್ಪ್ ಮಿ!" ಈ ಸಲದ ಕೂಗಿಗೆ ಗುಬ್ಬಿಗಳು ಹಾರಿದವು. ತರಗತಿಯೂ ಹಾಗೇ ಕೂಗಿತು. "ರಿಯಲಿ! ರಿಯಲಿ!" ಅದನ್ನೂ ಕೂಗಿತು.

"ಆಹಾ, ಏನು ಅಭಿನಯ!" ಎನ್ನುತ್ತ ಇನ್ಸ್‌ಪೆಕ್ಟರ್ ಹೆಡ್‌ಮಿಸ್ ಜತೆ ಹೊರಗಿನಿಂದ ಸುತ್ತಿ ಬಂದು, ಮುಖದೆದುರಿಗೇ ನಿಂತು ಕಣ್ತುಂಬ ನೋಡಿದರು.

ಮೇಷ್ಟ್ರು ದನಿ ತಗ್ಗಿಸಿದರು. "ಸಾರ್, ಇದು ಪಾಠ ಅಲ್ಲ. ನಿಮ್ಮ ದಮ್ಮಯ್ಯ, ನಿಜವಾಗ್ಲೂ ಸಿಕ್ಕಿಹಾಕ್ಕೊಂಡಿದೀನಿ. ಎಳೀರಿ ಸಾರ್."

ಇನ್ಸ್‌ಪೆಕ್ಟರ್ ಮೋಡ ನೋಡಿದರು. ಮರ ನೋಡಿದರು. ಆಮೇಲೆ ಹೆಡ್‌ಮಿಸ್ ಕಡೆ ತಿರುಗಿ ನಿಟ್ಟುಸಿರಿಟ್ಟರು.

"ಮೇಷ್ಟ್ರು ಈಗ ಏನಂದ್ರೋ ನಂಗೆ ಕೇಳಿಸಲಿಲ್ಲ. ಆದ್ರೆ ಮನೆಮಾತಲ್ಲಿ ಅಂದ್ರು ಅನ್ನೋದಂತೂ ಖಂಡಿತ. ಎಂಥಾ ಪಾಠ! ಕಡೇ ಗಳಿಗೇಲಿ ತಾವೇ ತಂದ ನಿಯಮಾನ ತಾವೇ ಮುರಿದ್ರಲ್ಲ. ಖಾಯಂ ವಿಷಯ ಮುಂದಿನ ವರ್ಷ ನೋಡೋಣ."

"ಛೆ" ಎಂದರು ಹೆಡ್‌ಮಿಸ್, ಮೇಷ್ಟ್ರನ್ನು ಕೆಕ್ಕರಿಸಿ ನೋಡುತ್ತ. ಇನ್ಸ್‌ಪೆಕ್ಟರರನ್ನು ಕಾರಿನವರೆಗೆ ಬಿಡಲು ಅವರೂ ಹೊರಟುಹೋದರು.

ಶಾಲೆ ಬಿಡುವ ಉದ್ದ ಗಂಟೆ ಹೊಡೆಯಿತು. ನಾಳೆ, ನಾಡಿದ್ದು ರಜೆ. ಮಕ್ಕಳು ಚೀಲ ಏರಿಸಿಕೊಂಡು ಕಿಟಕಿಯ ಮುಂದಿನಿಂದಲೇ ಹಾದುಹೋಗತೊಡಗಿದರು. ಮೇಷ್ಟ್ರಿಗೆ ಈಗ ಬುದ್ಧಿ ಬಂದಿತ್ತು. ಮನೆಮಾತು ನುಂಗಿಕೊಂಡು ಜೀವಮಾನದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಕಿರುಚಿದರು.

"ಡೋಂಟ್ ಗೋ!"

"ಡೋಂಟ್ ಗೋ!" ಎಂದು ಒಕ್ಕೊರಲಿನಿಂದ ಕೂಗುತ್ತ ಮಕ್ಕಳು ಗೇಟು ದಾಟಿ ಓಡಿದರು.