ಹಲಗೆಗೆ ಇಟ್ಟ ರೊಟ್ಟಿ

ಮೌನೇಶ, ಅಂಬಿಕಾ, ನಿಮ್ಮ ಅಜ್ಜಿಗೆ ಮಾತಿಗಿಂತ ಬರೆಯುವುದೇ ಸಲೀಸು. ನಾಲ್ಕು ಜನ ಕೂತಲ್ಲಿ ನನ್ನ ನಾಲಿಗೆ ಅಂಗಾಲಿಗೆ ಇಳಿದುಬಿಡುತ್ತದೆ. ಅದರಲ್ಲೂ ನಿಮ್ಮಪ್ಪ ಅಮರೇಶ ಎದುರಿಗಿದ್ದರೆ ಮುಗಿಯಿತು. ಅಳಿಯನ ಮುಂದೆ ಅತ್ತೆ ಸೆರಗು ಹೊದ್ದು ಸುಮ್ಮನಿರಬೇಕು, ಹೇಳಲೇಬೇಕಾದ್ದನ್ನು ಬಾಗಿಲಿಗೋ ಬೆಕ್ಕಿಗೋ ಹೇಳಬೇಕು ಎಂದು ಹಿರೇಕೊಟ್ನೆಕಲ್‌ನಲ್ಲಿ ನನಗೆ ಕಲಿಸಿದ್ದು. ಅವನಿಗೆ ಸಾರು ಸಾಕೋ ಬೇಕೋ ಎಂದು ಇಂದಿಗೂ ನಾನು ಬೆಕ್ಕನ್ನೇ ಕೇಳುತ್ತೇನೆ.

ಅಂಥ ಅಳಿಯ ರಾಯಚೂರಿನಲ್ಲಿ ಶೆಡ್ಡು ಹಾಕಿ, ಹಳೇ ಬಟ್ಟೆ ಮತ್ತು ದರ್ಜಿಗಳ ಚಿಂದಿಯಿಂದ ಗೋಡೆಯ ಹಲಗೆ ಮಾಡಲು ಹೊರಟ. ಚಿಂದಿಯನ್ನು ಪದರ ಪದರವಾಗಿ ಹೊಲಿದು, ಅಂಟಿನಲ್ಲಿ ತೋಯಿಸಿ, ಬಿಸಿ ಯಂತ್ರದಲ್ಲಿ ಒತ್ತಬೇಕು. ಹೊಲಿಗೆಗೆ ಮಾನ್ವಿ ಕಡೆಯ ಕೌದಿ ಹೊಲಿಯುವ ಹೆಂಗಸರನ್ನೇ ಕರೆದ, ನಾನೂ ಅವರ ಜೊತೆ ಕೂತೆ. ನಾವು ಕೌದಿ ಎಂದು ಹೊದೆಯುತ್ತಿದ್ದುದನ್ನೇ ಗಟ್ಟಿ ಮಾಡಿ ಅವನು ‘ಕಾಂಪೋಸಿಟ್ ಪ್ಯಾನಲ್’ ಎಂದ. ಜೊತೆಗೆ ಅವನ ಅಂಗಿಯ ಕಾಲರೂ ಗಟ್ಟಿಯಾಯಿತು.

ದೇವದುರ್ಗದ ಕಡೆ ಅಂಗನವಾಡಿಯೊಂದಕ್ಕೆ ಈ ಹಲಗೆಯ ಕೋಣೆ ಎಂದು ಮಾತಾಯಿತು. ಹಲಗೆ ಪರೀಕ್ಷಿಸುವ ಎಂಜಿನಿಯರ್ ಒಪ್ಪಿದರೆ ನಮಗೆಲ್ಲ ವರ್ಷವಿಡೀ ಕೆಲಸ. ಇಲ್ಲದಿದ್ದರೆ ಶೆಡ್ಡಿಗೆ ಬೀಗ. ಅವರು ಬಂದು ಹಲಗೆಯನ್ನು ಬಡಿದರು, ತುಳಿದರು, ನೀರು ಸುರಿದರು. ಜಗ್ಗಲಿಲ್ಲ. ಕೊನೆಗೆ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಪುಡಿ ಉದುರಿತು, ಹಿಂದೆಯೇ ಇರುವೆಗಳ ಸಾಲು.

“ಏನ್ರೀ ಇದು?”

ನನ್ನ ಜೊತೆ ಹೊಲಿಯುವ ಹುಲಿಗೆಮ್ಮ ಅಂದಳು: “ಜ್ವಾಳದ ರೊಟ್ಟಿರೀ ಸಾಹೇಬ್ರ. ಹೊಲಿದು ಮುಗಿಸೋವಾಗ ಕಡೀ ಮೂಲ್ಯಾಗ ಒಂದ್ ತುಣುಕು ಇಡ್ತೀವಿ. ಕೌದಿ ಹಸಕೊಂಡು ಇರಬಾರದಲ್ರೀ.”

“ಯವ್ವಾ, ಇದು ಕೌದಿ ಅಲ್ಲ, ಗ್ವಾಡಿ” ಎಂದ ಅಮರೇಶ.

“ಗ್ವಾಡಿಗಿ ಹೊಟ್ಟಿ ಇಲ್ಲೇನಪಾ?”

“ಎಲ್ಲಾ ಹಲಗಿಗೂ ಇಟ್ಟೀರೇನು?” ಎಂದರು ಎಂಜಿನಿಯರ್.

“ಒಂದಕ್ಕ ಉಣಿಸಿ ಒಂದನ್ನ ಉಪವಾಸ ಕೆಡವಾಕ ಬರ್ತದೇನ್ರೀ?”

ಇನ್ನು ರೊಟ್ಟಿ ಇಡಕೂಡದು ಎಂದರು. ಹೆಂಗಸರು ಸೂಜಿ ಕೆಳಗಿಟ್ಟರು. ಕೂಸುಗಳು ಮಲಗುವಲ್ಲಿ ಹಸಿದ ಗೋಡೆ ನಿಲ್ಲಿಸುವ ಪಾಪ ಯಾರಿಗೆ ಬೇಕು? ಎಂಜಿನಿಯರ್ ಗಾಡಿಯ ಕೀಲಿ ತೆಗೆದರು. ನನಗೊಂದು ಉಪಾಯ ಹೊಳೆದಿತ್ತು. ಆದರೆ ಎದುರಿಗೆ ಅಳಿಯ, ಸುತ್ತ ಒಂದು ಬೆಕ್ಕೂ ಇಲ್ಲ. ನಿಲ್ಲಿಸಿದ್ದ ಹಲಗೆಯ ಮರೆಗೆ ಹೋಗಿ, ಹಲಗೆಗೇ ಹೇಳಿದೆ: “ಮೂಲಿಗಿ ಗೇಣು ಅರಿವಿ ಹೆಚ್ಚಿಗಿ ಬಿಡೂನು. ರೊಟ್ಟಿ ಅಲ್ಲಿಡ್ತೀವಿ, ಸ್ವಲ್ಪ ಹೊತ್ತು ಉಣ್ಲಿ. ಅಂಟು ಹಚ್ಚೂಕಿಂತ ಮೊದಲ ಆ ತುದಿ ಕತ್ತರಿಸಿ, ರೊಟ್ಟಿ ಆಡು ಕುರಿಗಿ ಹಾಕ್ರಿ.”

ಹೆಂಗಸರು ಸೂಜಿ ಎತ್ತಿಕೊಂಡರು. ಕೀಲಿ ಜೇಬಿಗೆ ಮರಳಿತು. ಮೊದಲಿನ ಹಲಗೆಗಳ ಮೂಲೆಗಳನ್ನು ಗರಗಸಕ್ಕೆ ಒಪ್ಪಿಸುವುದೆಂದಾಯಿತು. ಅಷ್ಟರಲ್ಲಿ ಎಂಜಿನಿಯರ್ ನಾನಿದ್ದ ಹಲಗೆಗೆ ಕಿವಿ ಹಚ್ಚಿದರು.

“ಅಮರೇಶ, ಅಮ್ಮಾರು ಇಷ್ಟು ಸಣ್ಣಗ ಮಾತಾಡಿದ್ದು ಈ ಕಡಿ ಎಲ್ಲಾ ಕೇಳ್ತು. ನಿನ್ನ ಹಲಗಿ ಸಪ್ಪಳ ತಡೀವಲ್ದು. ಇನ್ನೊಂದು ಪದರ ಹಾಕು.”

ಹೀಗೆ ಅಳಿಯನ ಮುಂದೆ ನಾನು ಮೊದಲ ಸಲ ಬಾಯಿ ಬಿಟ್ಟಿದ್ದು ಹಲಗೆಯ ದೋಷವಾಯಿತು. ಆ ಇನ್ನೊಂದು ಪದರವನ್ನು ಈಗ ನಾನೇ ಕೂತು ಹೊಲಿಯುತ್ತಿದ್ದೇನೆ. ಅದು ಮುಗಿದ ಮೇಲೆ ಮರೆಯಲ್ಲಿ ನಿಂತು ನಾನೇನು ಹೇಳಿದರೂ ಯಾರಿಗೂ ಕೇಳದು. ಅದಕ್ಕೇ ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.