ನಮ್ಮ ಭಾವನ ಕ್ಯಾಪ್ಟನ್

ನಮ್ಮ ಭಾವನಿಗೆ ನೂರು ವರ್ಷದ ಹಿಂದಿನ ಬ್ರಿಟಿಷ್ ಯುದ್ಧನೌಕೆಗಳ ಹೆಸರು, ಉದ್ದ, ಅಗಲ, ಫಿರಂಗಿಗಳ ಲೆಕ್ಕ ಎಲ್ಲವೂ ಬಾಯಿಪಾಠ. ಈಜು ಮಾತ್ರ ಬರುವುದಿಲ್ಲ! ಒಮ್ಮೆ ಮನೆ ಹತ್ತಿರದ ಕೆರೆಯಲ್ಲಿ ಪೆಡಲ್ ದೋಣಿ ಹತ್ತಿ, ದಡಕ್ಕೆ ಕಟ್ಟಿದ ಹಗ್ಗ ಬಿಚ್ಚುವ ಮೊದಲೇ ವಾಂತಿ ಮಾಡಿಕೊಂಡ ಮಹಾನುಭಾವರು ಅವರು. ಇಂಥವರಿಗೆ ನೌಕಾಪಡೆಯ ಹುಚ್ಚು ಹೇಗೆ ಹಿಡಿಯಿತು ಎಂದು ನೀವು ಕೇಳಬಹುದು. ನನ್ನ ಅಕ್ಕ ಅದನ್ನು ದಿನವೂ ಕೇಳುತ್ತಾಳೆ.

ಅಕ್ಕ, ಭಾವ ಇರುವುದು ಅಮೆರಿಕದಲ್ಲಿ, ಅಟ್ಲಾಂಟಾ ದಾಟಿ ಕಮ್ಮಿಂಗ್ ಎಂಬ ಊರಿನಲ್ಲಿ. ಭಾವನದು ಸಾಫ್ಟ್‌ವೇರ್ ಕೆಲಸ. ನಾನಿರುವುದು ಆರು ಗಂಟೆ ಡ್ರೈವ್ ದೂರದ ರಾಲಿಯಲ್ಲಿ. ಎಲ್ಲರೂ ಬಾಗಿಲು ಹಾಕಿಕೊಂಡು ಕೂತ ೨೦೨೦ರಲ್ಲಿ ಜನ ಬ್ರೆಡ್ ಮಾಡಲು ಕಲಿತರು, ಹೆಂಡತಿಯರು ಗಂಡಂದಿರ ಕ್ಷೌರ ಮಾಡಲು ಕಲಿತರು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ! ನಮ್ಮ ಭಾವ ಲೈಬ್ರರಿಯ ಹೊರಗೆ 'ಬೇಕಾದವರು ಒಯ್ಯಿರಿ' ಎಂದು ಇಟ್ಟಿದ್ದ ಪೆಟ್ಟಿಗೆಯಿಂದ ಒಂದು ದಪ್ಪ ಹಳೇ ಪುಸ್ತಕ ಹೊತ್ತು ತಂದರು. ಅದರಲ್ಲಿ ಕಥೆಯಿಲ್ಲ, ಚಿತ್ರವಿಲ್ಲ. ಪುಟದ ತುಂಬ ಬ್ರಿಟಿಷ್ ನೌಕಾ ಅಧಿಕಾರಿಗಳ ಹೆಸರು, ಎದುರಿಗೆ ಅವರವರು ಆ ಹುದ್ದೆಗೆ ಏರಿದ ತಾರೀಖು. ಒಬ್ಬ ಕ್ಯಾಪ್ಟನ್ನನ ಹೆಸರಿನ ಕೆಳಗೆ ಯಾರೋ ಪೆನ್ಸಿಲ್ ಗೆರೆ ಎಳೆದಿದ್ದರು.

ಅರ್ಧ ಗಂಟೆಯಲ್ಲಿ ನನಗೆ ವಿಡಿಯೋ ಕಾಲ್ ಬಂತು.

"ನೋಡಮ್ಮಾ, ಇದು ಏನು ಅಂತ ಗೊತ್ತಾಯ್ತಾ?"

"ಟೆಲಿಫೋನ್ ಡೈರೆಕ್ಟರಿನಾ ಭಾವ?"

"ಕ್ಯೂ! ಕ್ಯೂ ಕಣಮ್ಮಾ! ಇವ್ರೆಲ್ಲ ಲೈನಲ್ಲಿ ನಿಂತಿದಾರೆ!"

ವಿಷಯ ಇಷ್ಟು. ಆ ಕಾಲದಲ್ಲಿ ಒಮ್ಮೆ ಕ್ಯಾಪ್ಟನ್ ಆದವನು ಅಡ್ಮಿರಲ್ ಆಗಲು ಎಷ್ಟು ಶೂರ, ಎಷ್ಟು ಜಾಣ ಎಂದು ಯಾರೂ ಕೇಳುತ್ತಿರಲಿಲ್ಲವಂತೆ. ಮುಂದಿನವನು ಸಾಯಬೇಕು, ಇಲ್ಲವೇ ಮನೆಗೆ ಹೋಗಬೇಕು. ಆಗ ಹಿಂದಿನವನು ಒಂದು ಹೆಜ್ಜೆ ಮುಂದೆ. ಅಮೆರಿಕದಲ್ಲೇ ಕಾಯಂ ನೆಲೆಸಲು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ಭಾರತೀಯನಿಗೆ ಇದನ್ನು ಬಿಡಿಸಿ ಹೇಳಬೇಕೇ? ನಮ್ಮಲ್ಲೂ ಪ್ರತಿಯೊಬ್ಬನಿಗೂ ಅರ್ಜಿ ಹಾಕಿದ ಒಂದು ತಾರೀಖಿದೆ. ತಿಂಗಳಿಗೊಮ್ಮೆ ಸರ್ಕಾರ, ಇಂತಿಂಥ ತಾರೀಖಿನವರೆಗೆ ಸರದಿ ಬಂದಿದೆ ಎಂದು ಪ್ರಕಟಿಸುತ್ತದೆ. ಭಾವ ವರ್ಷಗಟ್ಟಲೆಯಿಂದ ಆ ಪ್ರಕಟಣೆಯನ್ನು ಪಂಚಾಂಗದ ಹಾಗೆ ನೋಡುತ್ತಿದ್ದರು.

ಅವರ ಅವಸರಕ್ಕೆ ಕಾರಣ ನನ್ನ ಅಕ್ಕನ ಮಗಳು ಪುಟ್ಟಿ. ಮೂರು ವರ್ಷದವಳಿದ್ದಾಗ ಅಪ್ಪನ ಹೆಗಲ ಮೇಲೆ ಈ ದೇಶಕ್ಕೆ ಬಂದವಳು. ಅವಳಿಗೆ ಇಪ್ಪತ್ತೊಂದು ತುಂಬುವುದರೊಳಗೆ ಅಪ್ಪನ ಸರದಿ ಬಂದರೆ ಅವಳಿಗೂ ಕಾರ್ಡು. ಬಾರದಿದ್ದರೆ ಅವಳು ಆ ಅರ್ಜಿಯಿಂದ ಹೊರಗೆ. ಆಮೇಲೆ ಅವಳ ಪಾಡು ಅವಳಿಗೆ.

ಅಂದಿನಿಂದ ಭಾವ ಇಂಟರ್ನೆಟ್ಟಿನಲ್ಲಿ ಹಳೇ ದಾಖಲೆಗಳನ್ನು ಕೆದಕಿ ಆ ಕ್ಯಾಪ್ಟನ್ನನ ಜಾತಕವನ್ನೇ ಹೊರಗೆಳೆದರು. ಪ್ರತಿ ತಿಂಗಳು ಎರಡು ಸುದ್ದಿ ಬರುತ್ತಿತ್ತು: "ನಂದು ಎರಡು ವಾರ ಮೂವ್ ಆಯ್ತು. ಕ್ಯಾಪ್ಟನ್ ಮುಂದಿದ್ದ ಮೂರು ಜನ ಖಾಲಿ ಆದ್ರು." ಸತ್ತು ಯಾವ ಕಾಲವಾಯಿತೋ ಆ ಮನುಷ್ಯ! ಆದರೂ ಭಾವ ಒಂದೇ ಸಲಕ್ಕೆ ಕೊನೆಯ ಪುಟ ನೋಡಲು ಒಪ್ಪಲಿಲ್ಲ. ತಾವು ಒಂದು ತಿಂಗಳು ಕಾದರೆ ಅವನ ದಾಖಲೆಯಲ್ಲೂ ಒಂದೇ ತಿಂಗಳು ಮುಂದೆ ಓದುವುದು. ಇದು ಅವರೇ ಮಾಡಿಕೊಂಡ ವ್ರತ.

ಗಣೇಶನ ಹಬ್ಬಕ್ಕೆ ಮನೆಗೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ ಚಿತ್ರಾನ್ನದ ತಟ್ಟೆ ಹಿಡಿದವರಿಗೆಲ್ಲ ಈ ಕಥೆ. ಭಾವ ಹೀಗೆ ಶುರು ಮಾಡಿದರೆ ಪುಟ್ಟಿ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದಳು. "ಅಪ್ಪಾ, ಪ್ಲೀಸ್! ನಾಟ್ ದ ಕ್ಯಾಪ್ಟನ್ ಅಗೇನ್!"

ಜನ ಓಡಿಹೋಗುತ್ತಾರೆ ಎಂದು ನಾನೂ ಕಾದೆ. ಎಲ್ಲಿ ಓಡುತ್ತಾರೆ? ವೀಸಾದ ಮೇಲಿರುವ ಹುಡುಗರೆಲ್ಲ ಸುತ್ತ ಸೇರಿಬಿಟ್ಟರು! ಮಹಾಯುದ್ಧ ನಡೆಯುವಾಗಲೂ ಕ್ಯಾಪ್ಟನ್ನನನ್ನು ಯಾವುದೋ ದೂರದ ಬಂದರಿನಲ್ಲಿ ಹಡಗುಗಳಿಗೆ ಕಲ್ಲಿದ್ದಲು ತುಂಬಿಸಲು ಹಾಕಿದ್ದರು ಎಂದು ಭಾವ ಹೇಳಿದಾಗ ಒಬ್ಬ ನಿಟ್ಟುಸಿರುಬಿಟ್ಟ.

"ಅಯ್ಯೋ, ಸಪೋರ್ಟ್ ಪ್ರಾಜೆಕ್ಟ್‌ಗೆ ಹಾಕ್ಬಿಟ್ರಾ ಅಂಕಲ್?"

ಇನ್ನೊಬ್ಬ ಕೇಳಿದ: "ಕಂಪ್ನಿ ಚೇಂಜ್ ಮಾಡ್ಬೋದಿತ್ತಲ್ವಾ?"

ಕೊನೆಗೆ ಒಬ್ಬ ಆಂಟಿ ಪಾಯಸದ ಸೌಟು ಹಿಡಿದುಕೊಂಡೇ ಬಂದು, "ಅದೆಲ್ಲ ಇರ್ಲಿ, ಅವ್ರಿಗೆ ಡೇಟ್ ಕರೆಂಟ್ ಆಯ್ತಾ, ಸರದಿ ಬಂತಾ ಇಲ್ವಾ, ಅಷ್ಟ್ ಹೇಳಿ!" ಎಂದರು.

"ನಾನಿನ್ನೂ ಅಲ್ಲಿಗೆ ಬಂದಿಲ್ಲ," ಎಂದರು ಭಾವ, ಬಹಳ ಗಂಭೀರವಾಗಿ.

ಪುಟ್ಟಿ ನಮ್ಮ ರಾಲಿಯ ಪಕ್ಕದ ಡರ್ಹಮ್‌ಗೆ ಓದಲು ಬಂದಳು. ವಾರದ ಕೊನೆಗೆ ನನ್ನ ಮನೆಗೆ ಬಂದು ಸಾರನ್ನ ತಿನ್ನುತ್ತಿದ್ದಳು. ಅವಳ ಇಪ್ಪತ್ತೊಂದನೆಯ ಹುಟ್ಟುಹಬ್ಬ ಹತ್ತಿರ ಬಂದಂತೆ ಭಾವನ ತಾರೀಖು ಅಲ್ಲೇ ಕಚ್ಚಿಕೊಂಡು ನಿಂತಿತು. ಹುಟ್ಟುಹಬ್ಬದ ಹಿಂದಿನ ತಿಂಗಳ ಪ್ರಕಟಣೆಯಲ್ಲೂ ಒಂದು ದಿನ ಕದಲಲಿಲ್ಲ. ಅಂದು ಭಾವ ವ್ರತ ಮುರಿದು ಕ್ಯಾಪ್ಟನ್ನನ ಕೊನೆಯ ಪುಟ ತೆಗೆದರಂತೆ. ಅಕ್ಕನ ಫೋನು ಬಂತು.

"ಊಟಾನೇ ಸೇರ್ತಿಲ್ಲ ಕಣೇ ಇವ್ರಿಗೆ. ಆ ಮನುಷ್ಯನ್ನ ಅಡ್ಮಿರಲ್ ಮಾಡಿದ್ರಂತೆ. ಮಾರನೇ ದಿನಾನೇ ರಿಟೈರ್ ಮಾಡಿ ಮನೆಗೆ ಕಳಿಸಿದ್ರಂತೆ! ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂದ ಹಾಗಾಯ್ತು. ಅದಕ್ಕೆ ಇವ್ರು ಅಳೋದಾ?"

ಅಳು ಯಾರಿಗಾಗಿ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪುಟ್ಟಿಗೆ ಇಪ್ಪತ್ತೊಂದು ತುಂಬಿತು. ಕೇಕ್ ಕತ್ತರಿಸಿದೆವು. ಅವಳು ಸ್ಟೂಡೆಂಟ್ ವೀಸಾಕ್ಕೆ ಬದಲಾದಳು.

ಅದಾಗಿ ಕೆಲವೇ ತಿಂಗಳಿಗೆ ಭಾವನ ಸರದಿ ಬಂತು! ನಗುವುದೋ ಅಳುವುದೋ ನೀವೇ ಹೇಳಿ. ಎರಡು ಕಾರ್ಡು ಬಂದವು, ಒಂದು ಅವರಿಗೆ, ಒಂದು ಅಕ್ಕನಿಗೆ. ಸ್ನೇಹಿತರು ಪಾರ್ಟಿ ಕೇಳಿದರೆ ಭಾವ ಫೋನೇ ಎತ್ತಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಹೇಳದೆ ಕೇಳದೆ ಅಕ್ಕನನ್ನು ಕೂರಿಸಿಕೊಂಡು ರಾಲಿಗೆ ಡ್ರೈವ್ ಮಾಡಿಕೊಂಡು ಬಂದರು. ಪುಟ್ಟಿ ನಮ್ಮ ಮನೆಯಲ್ಲೇ ಇದ್ದಳು. ಭಾವ ಶೂ ಕೂಡ ಬಿಚ್ಚದೆ ಅವಳೆದುರು ಕೂತರು.

"ಸಾರಿ ಪುಟ್ಟಿ," ಎಂದರು. "ನಾನು ಲೇಟ್ ಮಾಡ್ಬಿಟ್ಟೆ."

"ನೀನು ಲೇಟ್ ಅಲ್ಲ ಅಪ್ಪಾ," ಎಂದಳು ಅವಳು, ತನ್ನ ತೊದಲು ಕನ್ನಡದಲ್ಲಿ. "ನೀನು ಲೈನಲ್ಲಿ ನಿಂತಿದ್ದೆ. ಅಷ್ಟ್ರಲ್ಲಿ ನಾನು ದೊಡ್ಡವಳು ಆದೆ. ದಟ್ಸ್ ಆಲ್."

ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕವಳು ನಾನು. ಆ ಕ್ಷಣಕ್ಕೆ ನನ್ನ ಮೇಲೇ ನನಗೆ ನಾಚಿಕೆಯಾಯಿತು, ಕಣ್ಣು ತುಂಬಿ ಬಂತು. ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಭಾವ ಬ್ಯಾಗಿನಿಂದ ಒಂದು ಹೊಸ ಅರ್ಜಿ ತೆಗೆದು ಮೇಜಿನ ಮೇಲೆ ಹರಡಿದ್ದರು. ಕಾರ್ಡಿರುವ ಅಪ್ಪ, ಮದುವೆಯಾಗದ ಮಗಳಿಗಾಗಿ ಹಾಕಬಹುದಾದ ಅರ್ಜಿ. ಅದಕ್ಕೂ ಒಂದು ಸಾಲಿದೆ, ಅದೂ ವರ್ಷಗಟ್ಟಲೆ ಉದ್ದ. ಅವರು ಕನ್ನಡಕ ಏರಿಸಿಕೊಂಡು ಅವಳ ಹೆಸರನ್ನು ಒಂದೊಂದೇ ಅಕ್ಷರವಾಗಿ ತುಂಬುತ್ತಿದ್ದರು.

"ಅಪ್ಪಾ, ಮತ್ತೆ ಫಸ್ಟಿಂದನಾ?"

ಭಾವ ತಲೆ ಎತ್ತಲಿಲ್ಲ. "ನೀನ್ ಹೋಗಿ ಓದ್ಕೋ ಪುಟ್ಟಿ," ಎಂದರು. "ಲೈನಲ್ಲಿ ನಾನ್ ನಿಂತಿರ್ತೀನಿ."